ಹೂವಿನ ಗ್ಲಾಸಿನ ಚಟ

ಗಾಜಿನ ಲೋಟ ಕೂಡಿಡುವವನ ಎದೆಗೆ ಬಿಡುವು ಎಂಬುದಿಲ್ಲ. ಒಂದು ಹೆದರಿಕೆ ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು ಬಾಗಿಲು ತಟ್ಟುತ್ತದೆ. ನಾನು ಇದುವರೆಗೆ ರಜೆಯ ಅರ್ಜಿ ಬಿಟ್ಟು ಬೇರೇನನ್ನೂ ಬರೆದವನಲ್ಲ. ಆದ್ದರಿಂದ ಮೊದಲೇ ಎಲ್ಲವನ್ನೂ ಬಿಡಿಸಿ ಹೇಳಿಬಿಡುತ್ತೇನೆ.

ಲೋಟ ಎಂದರೆ ದಿನಾ ಕಾಫಿ ಕುಡಿಯುವ ಲೋಟವಲ್ಲ. ತಾತಂದಿರ ಕಾಲದ, ಮೈಮೇಲೆ ಗುಲಾಬಿಯೋ ಗಿಳಿಯೋ ಬರೆದಿರುವ, ಅಂಚಿಗೆ ಚಿನ್ನದ ಬಣ್ಣದ ಗೆರೆ ಎಳೆದಿರುವ ಗಾಜಿನ ಲೋಟ. ಗುಜರಿ ಅಂಗಡಿಯಲ್ಲಿ, ಮುಚ್ಚಿಹೋದ ಹೋಟೆಲಿನಲ್ಲಿ, ಯಾರದೋ ಹಳೆಯ ಮನೆಯ ಅಟ್ಟದಲ್ಲಿ ಸಿಗುತ್ತಿತ್ತು. ನಮ್ಮ ವಠಾರದವರ ಬಾಯಲ್ಲಿ ಅದು ‘ಗ್ಲಾಸು’.

ಎಂಬತ್ತರ ದಶಕದ ನಡುವೆ ನಾನು ರಾಜಾಜಿನಗರದ ಆ ವಠಾರದಲ್ಲಿ ಅಮ್ಮನ ಜೊತೆ ಇದ್ದೆ. ಒಂದು ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ಗುಮಾಸ್ತ. ಮಂಚದ ಕೆಳಗಿನ ಟ್ರಂಕಿನಲ್ಲಿ ಹತ್ತೊಂಬತ್ತು ಲೋಟ. ಅದೇ ಹೊತ್ತಿಗೆ ವಿಜಯನಗರದಲ್ಲಿ ಒಂದು ಹುಡುಗಿಯನ್ನು ನೋಡಿ ಬಂದಿದ್ದೆವು. ಪ್ರೈಮರಿ ಶಾಲೆಯ ಟೀಚರ್. ಉಪ್ಪಿಟ್ಟು ಕೊಡುವಾಗ ಆಕೆ, “ಖಾರ ಜಾಸ್ತಿ ಆಗಿದೆ, ಪೂರ್ತಿ ತಿನ್ನಬೇಡಿ” ಎಂದು ಮೆಲ್ಲಗೆ ಹೇಳಿದಳು. ಮದುವೆಯಾದರೆ ಇವಳನ್ನೇ ಎಂದು ನಾನು ಅಲ್ಲೇ ತೀರ್ಮಾನಿಸಿ ಪೂರ್ತಿ ತಿಂದೆ. ಹುಡುಗಿಗೂ ಒಪ್ಪಿಗೆಯಾಯಿತು. ಆಕೆಯ ತಂದೆ ಮಾತ್ರ ವಿಚಾರಿಸಿ ಹೇಳುತ್ತೇವೆ ಎಂದರು. ವಿಚಾರಿಸುವುದು ಎಂದರೆ, ಹುಡುಗನಿಗೆ ಹೇಳದೆ ಬಂದು ಅಕ್ಕಪಕ್ಕದವರನ್ನು ಕೇಳುವುದು. ಅಂದಿನಿಂದ ನನಗೆ ಅನ್ನ ಸೇರಲಿಲ್ಲ.

೧. ಕೆಂಗೇರಿ ಬಸ್ಸಿನ ಹೊಟ್ಟೆನೋವು

ನೋಡಿದವರು ಗುಜರಿಯವನು ಎಂದುಕೊಂಡಾರು, ಮದುವೆ ಗೊತ್ತಾಗುವವರೆಗೆ ಗಾಜಿನ ಸಾಮಾನು ಹಿಡಿದು ಬೀದಿಯಲ್ಲಿ ಕಾಣಿಸಿಕೊಳ್ಳಬೇಡ ಎಂದು ಅಮ್ಮ ಹೇಳಿದ್ದಳು. ಆದರೆ ಆ ಭಾನುವಾರವೇ ಕೆಂಗೇರಿಯ ಒಂದು ಮನೆಯವರು ಅಟ್ಟ ಖಾಲಿ ಮಾಡುತ್ತ ನನಗೊಂದು ನವಿಲಿನ ಲೋಟ ಕೊಟ್ಟರು. ಇಪ್ಪತ್ತನೆಯದು. ವಾಪಸು ಬರುವ ಬಸ್ಸು ವಿಜಯನಗರದ ಮೇಲೆ ಹೋಗುತ್ತದೆ. ಅಲ್ಲಿ ಹುಡುಗಿಯ ತಂದೆ ಹತ್ತಿದರೆ? ಹೆದರಿ ಲೋಟವನ್ನು ಅಂಗಿಯೊಳಗೆ ಬೆಲ್ಟಿಗೆ ಸಿಕ್ಕಿಸಿಕೊಂಡೆ. ಬಸ್ಸು ತುಂಬಿತ್ತು. ಎರಡೂ ಕೈ ಹೊಟ್ಟೆಯ ಮೇಲಿಟ್ಟು ಬಗ್ಗಿ ನಿಂತೆ.

ಪಕ್ಕದ ಸೀಟಿನ ಅಜ್ಜಿ ಹೊಟ್ಟೆನೋವಾ ಎಂದು ಕೇಳಿದರು. ಗಾಜು ಇದೆ ಎಂದರೆ ಕಂಡಕ್ಟರು ಇಳಿಸಿಯಾರು ಎಂಬ ಭಯಕ್ಕೆ ಹೌದು ಎಂದೆ. ಅವರು ಸರಿದು ಜಾಗ ಕೊಟ್ಟು, ಎಲಡಿಕೆ ಚೀಲದಿಂದ ಓಮ ತೆಗೆದು ತಿನ್ನಿಸಿದರು. ಅಷ್ಟಕ್ಕೆ ಸುಮ್ಮನಾಗಬಾರದೇ? ಎಲ್ಲಿ ನೋವು ನೋಡೋಣ ಎಂದು ಬೆರಳ ಗೆಣ್ಣಿನಿಂದ ನನ್ನ ಹೊಟ್ಟೆ ತಟ್ಟಿದರು. ‘ಟಣ್’ ಎಂದಿತು. ಇನ್ನೊಮ್ಮೆ ತಟ್ಟಿದರು. ಮತ್ತೆ ‘ಟಣ್’.

ಅಜ್ಜಿ ಕಂಡಕ್ಟರನ್ನು ಕರೆದು ಗಂಭೀರವಾಗಿ ಹೇಳಿದರು: “ಬೇಗ ಬಿಡಪ್ಪ. ಈ ಹುಡುಗನಿಗೆ ಒಳಗಡೆ ಏನೂ ಉಳಿದಿಲ್ಲ, ಪೂರಾ ಖಾಲಿ.”

೨. ಪಕ್ಕದ ಮನೆಯವರ ಹೊಗಳಿಕೆ

ಮಾರನೆಯ ವಾರ ನಾನು ಕೆಲಸದಿಂದ ಬಂದಾಗ ಪಕ್ಕದ ಮನೆಯ ಯಜಮಾನರು ಜಗಲಿಯ ಮೇಲೆ ನಗುತ್ತ ಕೂತಿದ್ದರು. ಅವರು ನಿವೃತ್ತ ಮೇಷ್ಟ್ರು. ನನ್ನ ಮೇಲೆ ನಿಜವಾಗಿ ಪ್ರೀತಿ ಇದ್ದವರು. ಅದನ್ನು ಮೊದಲೇ ಹೇಳದಿದ್ದರೆ ಮುಂದಿನದನ್ನು ಓದಿ ನೀವು ಅವರನ್ನು ತಪ್ಪು ತಿಳಿಯುತ್ತೀರಿ.

“ನಿಮ್ಮ ಹುಡುಗಿ ತಂದೆ ಬಂದಿದ್ರು ಕಣಯ್ಯ. ಬೇಕಾದಷ್ಟು ಹೊಗಳಿ ಕಳಿಸಿದೀನಿ” ಎಂದರು. ಏನು ಹೇಳಿದಿರಿ ಎಂದು ಕೇಳಿದೆ. ಅವರು ಒಂದೊಂದಾಗಿ ಒಪ್ಪಿಸಿದರು. ಹುಡುಗ ಚಿನ್ನ. ಬೀಡಿ ಸಿಗರೇಟು ಇಲ್ಲ. ಇರುವುದು ಒಂದೇ ಚಟ, ಗ್ಲಾಸು. ಅದೂ ತಿಂಗಳಿಗೆ ಒಂದೋ ಎರಡೋ, ಹೆಚ್ಚಾಗಿ ಭಾನುವಾರ. ಹಳೆಯದಾದಷ್ಟೂ ಅವನಿಗೆ ಇಷ್ಟ. ಯಾರಿಗೂ ತೊಂದರೆ ಕೊಡುವುದಿಲ್ಲ, ಬಾಗಿಲು ಹಾಕಿಕೊಂಡು ಒಬ್ಬನೇ ಕೂರುತ್ತಾನೆ.

ಅದಕ್ಕೆ ಅವರೇನಂದರು ಎಂದೆ.

“ಪಾಪ, ‘ಅವರ ತಾಯಿಗೆ ಗೊತ್ತಾ?’ ಅಂದ್ರು. ಗೊತ್ತಿಲ್ದೆ ಏನು ಸಾರ್, ಬೆಳಿಗ್ಗೆ ಎದ್ದು ಅವರೇ ತೊಳೆದಿಡ್ತಾರೆ ಅಂದೆ.”

೩. ಮೂಲೆ ಅಂಗಡಿಯ ಸಾಕ್ಷಿ

ಮೇಷ್ಟ್ರ ಹಾಗೆ ಇನ್ನೊಬ್ಬರು ಹೊಗಳದಿರಲೆಂದು ಮೂಲೆಯ ದಿನಸಿ ಅಂಗಡಿಗೆ ಓಡಿದೆ. ಇನ್ನು ಯಾರಾದರೂ ಬಂದು ಕೇಳಿದರೆ ಗ್ಲಾಸಿನ ಸುದ್ದಿ ಎತ್ತಲೇಬೇಡಿ ಎಂದು ಬೇಡಿಕೊಂಡೆ. ಅಂಗಡಿಯವರು, ಆಗಲೇ ಒಬ್ಬರು ಬಂದು ಕೇಳಿ ಹೋದರಲ್ಲ ಎಂದರು. ನಾನು ಅಕ್ಕಿಮೂಟೆಯ ಮೇಲೆ ಕೂತುಬಿಟ್ಟೆ.

“ಗ್ಲಾಸ್ ಅನ್ನೋ ಮಾತೇ ಆಡಿಲ್ಲ ಸಾರ್, ನನಗೇನು ಬುದ್ಧಿ ಇಲ್ವಾ?” ಎಂದು ಅವರು ಧೈರ್ಯ ಹೇಳಿದರು. “ನನ್ನ ಹತ್ರ ಹಳೇ ಪೇಪರ್ ಇಸ್ಕೊಂಡು, ಚೆನ್ನಾಗಿ ಸುತ್ತಿ, ಬಗಲಲ್ಲಿ ಇಟ್ಕೊಂಡು, ಯಾರಿಗೂ ಕಾಣದ ಹಾಗೆ ಮನೆಗೆ ಹೋಗ್ತಾರೆ ಅಂದೆ ಅಷ್ಟೆ. ಏನು ಸುತ್ತುತೀರ ಅಂತ ಬಾಯಿ ಬಿಟ್ಟಿಲ್ಲ.”

೪. ಮೂಸಿ ನೋಡಿದ್ದು

ಭಾನುವಾರ ಬೆಳಿಗ್ಗೆ ಹುಡುಗಿಯ ತಂದೆ ಮನೆಗೇ ಬಂದರು. ಕೈಯಲ್ಲಿ ಮೂಲೆಗೆ ಅರಿಸಿನ ಹಚ್ಚಿದ ಲಕೋಟೆ. ಅದರಲ್ಲಿ ನನ್ನ ಜಾತಕ. ಜಾತಕ ವಾಪಸು ಬಂದರೆ ಸಂಬಂಧ ಮುರಿಯಿತು ಎಂದೇ ಅರ್ಥ.

ಹುಡುಗ ಒಳ್ಳೆಯವರೇ, ಆದರೆ ಅಭ್ಯಾಸ ಒಂದು ಇದೆಯಂತೆ ಎಂದು ಅವರು ತಲೆ ತಗ್ಗಿಸಿ ಶುರು ಮಾಡಿದರು. ಅಮ್ಮ ತಕ್ಷಣ, “ಅಯ್ಯೋ, ಗ್ಲಾಸ್ ತಾನೇ? ಅವರಪ್ಪನಿಗೂ ಇತ್ತು. ಮದುವೆ ಆದ್ಮೇಲೆ ಬಿಡಿಸೋಣ ಬಿಡಿ” ಎಂದು ಕಾಫಿಗೆ ಒಳಗೆ ಹೋದಳು.

ಇನ್ನು ಬಚ್ಚಿಟ್ಟು ಫಲವಿಲ್ಲ ಎಂದು ನಾನು ಟ್ರಂಕನ್ನು ಎಳೆದು ಮುಚ್ಚಳ ತೆಗೆದೆ. ಹಳೇ ಸೀರೆಯ ತುಂಡುಗಳ ನಡುವೆ ಇಪ್ಪತ್ತು ಲೋಟ. ಅವರು ಬಹಳ ಹೊತ್ತು ನೋಡಿದರು.

“ಇಷ್ಟೊಂದು ಜನ ಬರ್ತಾರಾ?” ಎಂದರು.

ಕುಡಿಯುವುದಕ್ಕಲ್ಲ ಸಾರ್, ಇವು ನೋಡುವುದಕ್ಕೆ, ಇದರಲ್ಲಿ ನಾನು ನೀರು ಕೂಡ ಕುಡಿದಿಲ್ಲ ಎಂದು ಗೋಗರೆದೆ. ಅವರು ನಂಬಲಿಲ್ಲ. ಕೆಳಗೆ ಕೂತು ಒಂದೊಂದೇ ಲೋಟ ಎತ್ತಿ ಮೂಸತೊಡಗಿದರು. ಸೀರೆ ತುಂಡಿಗೆ ಹುಳು ಬೀಳದಿರಲೆಂದು ನಾನು ಟ್ರಂಕಿನ ತುಂಬ ನುಸಿಗುಳಿಗೆ ಹಾಕಿದ್ದೆ. ಪ್ರತಿ ಲೋಟದಲ್ಲೂ ಅದೇ ವಾಸನೆ, ಬೇರೇನೂ ಇಲ್ಲ. ಎಂಟನೆಯದಕ್ಕೆ ಬರುವಾಗ ಅವರ ಮುಖದಲ್ಲಿ ಅನುಮಾನ ಕರಗುತ್ತಿತ್ತು. ಒಂಬತ್ತನೆಯದು ಜೋಡಿ ಗಿಳಿಯ ಲೋಟ, ಎಲ್ಲಕ್ಕಿಂತ ಹಳೆಯದು. ಅದನ್ನು ಮೂಸಿದವರೇ ಜೋರಾಗಿ ಸೀನಿದರು. ಲೋಟ ಕಾವಿ ನೆಲಕ್ಕೆ ಬಿದ್ದು ಮೂರು ತುಂಡಾಯಿತು.

ನಾನು ‘ಪರವಾಗಿಲ್ಲ ಸಾರ್’ ಎನ್ನಬೇಕಿತ್ತು. ಗಾಬರಿಗೆ ಬಾಯಿಂದ ಬಂದದ್ದು, “ಪರವಾಗಿಲ್ಲ ಬಿಡಿ, ಮಾವ.”

ಅವರು ತುಂಡುಗಳನ್ನು ನೋಡಿದರು, ನನ್ನನ್ನು ನೋಡಿದರು, ಕೈಯಲ್ಲಿದ್ದ ಲಕೋಟೆಯನ್ನು ನೋಡಿದರು. ಜಾತಕ ವಾಪಸು ಕೊಡಲು ಬಂದು, ಹುಡುಗನ ಸಾಮಾನು ಒಡೆದು, ಅವನ ಬಾಯಲ್ಲಿ ಮಾವ ಎನ್ನಿಸಿಕೊಂಡ ಮೇಲೆ ಮರ್ಯಾದಸ್ಥರು ಏನು ತಾನೇ ಮಾಡಿಯಾರು? ಲಕೋಟೆಯನ್ನು ಮಡಿಸಿ ಜೇಬಿಗಿಟ್ಟುಕೊಂಡರು. “ಶ್ರಾವಣದಲ್ಲಿ ದಿನ ನೋಡಿಸೋಣ” ಎಂದರು.

ಅಷ್ಟರಲ್ಲಿ ಅಮ್ಮ ಕಾಫಿ ತಂದು ಅವರ ಮುಂದೆ ಹಿಡಿದಳು. ಅವರು ಚಾಚಿದ ಕೈಯನ್ನು ಥಟ್ಟನೆ ಹಿಂದಕ್ಕೆಳೆದುಕೊಂಡು ಕೇಳಿದರು:

“ಅಮ್ಮಾ, ಇದು ಸ್ಟೀಲ್ ತಾನೇ?”