ಅಳಿವೆಯ ಮಹಾಪ್ರದಕ್ಷಿಣೆ

"ಶಿಲುಬೆ ನಮ್ಮ ಹೊಸ್ತಿಲು ದಾಟೋ ಹೊತ್ತಿಗೆ ನಾನು ಮನೇಲಿರ್ತೀನಿ. ಇದು ಅದೇರಿತು ಕೊಡೋ ಮಾತು!"

ಈಸ್ಟರ್ ಭಾನುವಾರ ಬೆಳ್ಳಂಬೆಳಗ್ಗೆ, ಮೈಗಂಟಿದ ಚಡ್ಡಿ ತೊಟ್ಟು, ತಲೆಗೆ ಹೆಲ್ಮೆಟ್ ಏರಿಸಿ, ಎದೆ ತಟ್ಟಿಕೊಂಡು ಅದೇರಿತು ಹೀಗೆ ಘೋಷಿಸಿದ. ಅವನ ಹೆಂಡತಿ ಜುಲ್ಮೀರಾ ಬಾಗಿಲ ಮುಂದೆ ಹೂವಿನ ಎಸಳು ಹಾಸುತ್ತಿದ್ದಳು. ತಲೆ ಎತ್ತಲಿಲ್ಲ.

"ಹೋದ ವರ್ಷಾನೂ ಇದೇ ಮಾತು ಕೊಟ್ಟಿದ್ರಿ."

"ಹೋದ ವರ್ಷ ಟೈರು ಕೈಕೊಡ್ತು ಮಾರಾಯ್ತಿ!"

"ಅದರ ಹಿಂದಿನ ವರ್ಷ?"

"ಅದು... ಕೊಕ್ಕರೆ ಅಡ್ಡ ಬಂತು."

ಅಳಿವೆಯ ದಂಡೆಯ ಆ ಊರಿನಲ್ಲಿ ಈಸ್ಟರ್ ದಿನ ಯಾರೂ ದೇವರನ್ನು ಹುಡುಕಿಕೊಂಡು ಹೋಗಬೇಕಿಲ್ಲ. ದೇವರೇ ಮನೆಮನೆಗೆ ಬರುತ್ತಾನೆ. ಹೂ ಮುಡಿಸಿದ ಶಿಲುಬೆ, ಕೆಂಪು ನಿಲುವಂಗಿಯ ತಂಡ, ಗಂಟೆ, ಜೊತೆಗೆ ಪಾದ್ರಿಗಳು! ಮನೆಯವರೆಲ್ಲ ಸಾಲಾಗಿ ನಿಂತು ಶಿಲುಬೆಗೆ ಮುತ್ತಿಡಬೇಕು. ಸತತವಾಗಿ ಎರಡು ಈಸ್ಟರ್ ಜುಲ್ಮೀರಾಳ ಪಕ್ಕದ ಜಾಗ ಖಾಲಿ. ಅಕ್ಕಪಕ್ಕದವರು "ನಿಮ್ಮವರು ಚೆನ್ನಾಗಿದ್ದಾರೆ ತಾನೇ?" ಎಂದು ಕೇಳುವಾಗ ಆ ದನಿಯಲ್ಲಿ ಇರುತ್ತಿದ್ದ ಸಕ್ಕರೆ ಅವಳಿಗೆ ಆರು ತಿಂಗಳಾದರೂ ಕರಗುತ್ತಿರಲಿಲ್ಲ.

"ಕೇಳಿಸ್ಕೊಳ್ಳಿ," ಎಂದಳು. "ಈ ಸಲ ನಾನು ಒಬ್ಬಳೇ ನಿಂತ್ರೆ, ನಾಳೇನೇ ನಿಮ್ಮ ಸೈಕಲ್ ಅಮ್ಮನ ಊರಿಗೆ. ಅವರ ಹುರುಳಿಕಾಯಿ ಬಳ್ಳಿಗೆ ಆಸರೆ ಬೇಕಂತೆ."

ಅಮ್ಮ, ಅಂದರೆ ಎತೆಲ್ವೀನಾ, ಹಬ್ಬಕ್ಕೆಂದು ಎರಡು ದಿನ ಮೊದಲೇ ಬಂದಿಳಿದಿದ್ದರು. ಕಿಟಕಿಯಿಂದಲೇ ಸೈಕಲ್ಲನ್ನು ಮೇಲಿಂದ ಕೆಳಕ್ಕೆ ಅಳೆದು, "ಎತ್ತರ ಸರಿಯಾಗಿದೆ ಅಳಿಯಂದಿರೇ" ಎಂದರು.

ಅದೇರಿತು ವಾರವೆಲ್ಲ ಟೈಲ್ಸ್ ಅಂಗಡಿಯಲ್ಲಿ ಟೈಲ್ಸ್ ಮಾರುವವನು. ಆದರೆ ಭಾನುವಾರ ಅವನು ಮಾರ್ಗಶಿಲ್ಪಿ! ಊರಿನ ಸೈಕಲ್ ಸಂಘಕ್ಕೆ ದಾರಿಗಳನ್ನು ಗೊತ್ತುಮಾಡಿ ನಕ್ಷೆ ಬರೆಯುವುದು ಅವನೇ. ಈ ಸಲದ ಮಹಾಕೃತಿಗೆ 'ಅಳಿವೆಯ ಮಹಾಪ್ರದಕ್ಷಿಣೆ' ಎಂದು ಹೆಸರಿಟ್ಟಿದ್ದ. ಸೇತುವೆ ದಾಟಿ ತೊರೇರಾ ಊರು, ಅಲ್ಲಿಂದ ಕಡಲಿಗೂ ಅಳಿವೆಗೂ ನಡುವಿನ ಮರಳುಪಟ್ಟಿಯ ಮೇಲೆ ನೇರ ದಕ್ಷಿಣಕ್ಕೆ, ಸಾಂವ್ ಜಸಿಂತುವಿನ ರಕ್ಷಿತ ಮರಳದಿಬ್ಬಗಳ ಪಕ್ಕದಲ್ಲಿ ಹಾದು, ದೋಣಿಯಲ್ಲಿ ಆಚೆ ದಡಕ್ಕೆ, ಅವೇರು ಪಟ್ಟಣ ಸುತ್ತಿ, ಉಪ್ಪಿನ ಗದ್ದೆಗಳ ಬದಿಯಿಂದ ಮನೆಗೆ. ಹಬ್ಬದ ದಿನ ರಸ್ತೆಯಲ್ಲಿ ಕಾರಿನ ಸುಳಿವಿರುವುದಿಲ್ಲ. ಅವನ ಮನೆ ಊರ ಕೊನೆಯಲ್ಲಿ, ಶಿಲುಬೆ ಅಲ್ಲಿಗೆ ಬರುವುದೇ ಮಧ್ಯಾಹ್ನಕ್ಕೆ. ಇಂಥ ಅವಕಾಶ ಬಿಟ್ಟವನೂ ಒಬ್ಬ ಸೈಕಲ್ ಸವಾರನೇ?

ಮರಳುಪಟ್ಟಿಯ ಮೇಲೆ ಅದೇರಿತು ಹಾರಿದ! ತುಳಿದದ್ದು ಒಂದು ಪಾಲು, ಓಡಿದ್ದು ಮೂರು ಪಾಲು. ಎಡಕ್ಕೆ ಅಳಿವೆ ಕನ್ನಡಿಯಂತೆ ಮಲಗಿತ್ತು, ರಾಜಹಂಸಗಳು ಒಂಟಿಕಾಲಲ್ಲಿ ನಿಂತಿದ್ದವು. "ಅದೇರಿತು, ಐವತ್ತಾದ ಮೇಲೆ ಇಂಥ ಕಾಲು ಯಾರಿಗುಂಟು?" ಎಂದು ತನ್ನನ್ನೇ ಕೇಳಿಕೊಂಡ. ಉತ್ತರ ಬೆನ್ನ ಹಿಂದೆಯೇ ಇತ್ತು, ಬಡಗಣ ಗಾಳಿಯ ರೂಪದಲ್ಲಿ. ಆದರೆ ಹೊಗಳಿಕೆ ಕೇಳುತ್ತಿರುವಾಗ ಯಾರು ತಾನೇ ಹಿಂದೆ ತಿರುಗಿ ನೋಡುತ್ತಾರೆ?

ದೋಣಿಕಟ್ಟೆಯಲ್ಲಿ ಗೇಟಿಗೆ ಸರಪಳಿ. ಗೇಟಿನ ಮೇಲೆ ಕಡಲಹಕ್ಕಿ. ಅದರ ಕಾಲ ಕೆಳಗೆ ಹಬ್ಬದ ದಿನದ ವೇಳಾಪಟ್ಟಿ. ದೋಣಿ ಬರಲು ಇನ್ನೂ ಬಹಳ ಹೊತ್ತಿತ್ತು. ಅಷ್ಟು ಹೊತ್ತು ಕಾದರೆ ಶಿಲುಬೆ ಮನೆಗೆ ಬಂದು, ಹೋಗಿ, ಮಧ್ಯಾಹ್ನದ ನಿದ್ದೆಯನ್ನೂ ಮುಗಿಸಿರುತ್ತದೆ! ನಕ್ಷೆಯಲ್ಲಿ ದೋಣಿಯ ದಾರಿಗೆ ಎಷ್ಟು ಚೆಂದದ ನೀಲಿ ಗೆರೆ ಎಳೆದಿದ್ದ. ಆ ಗೆರೆಯ ಮೇಲೆ ದೋಣಿ ಯಾವಾಗ ಬರುತ್ತದೆಂದು ನೋಡುವುದೊಂದನ್ನು ಮರೆತಿದ್ದ.

ಬಂದ ದಾರಿಗೇ ತಿರುಗಿದ. ಆಗ ಗೊತ್ತಾಯಿತು ಇಷ್ಟು ಹೊತ್ತು ಸೈಕಲ್ ತುಳಿದದ್ದು ಯಾರೆಂದು. ಗಾಳಿ ಎದೆಗೆ ಕೈಯಿಟ್ಟು ತಳ್ಳತೊಡಗಿತು. ತುಳಿದ, ಬೈದ, ಬೇಡಿಕೊಂಡ, ಮತ್ತೆ ಬೈದ. ರಾಜಹಂಸಗಳು ಇನ್ನೊಂದು ಕಾಲಿಗೆ ಬದಲಾಯಿಸಿಕೊಂಡು ಇವನನ್ನೇ ನೋಡಿದವು. ಸೇತುವೆ ದಾಟುವಷ್ಟರಲ್ಲಿ ಊರಿನ ಕಡೆಯಿಂದ ಪಟಾಕಿ ಸದ್ದು! ಶಿಲುಬೆ ಬೀದಿಗಿಳಿದು ಎಷ್ಟು ಹೊತ್ತಾಯಿತೋ!

ಜೊಂಡಿನ ನಡುವಿನ ಒಡ್ಡಿನ ಮೇಲೆ ಹೋದರೆ ಊರು ಹತ್ತಿರ. ಸಂಘದ ನಕ್ಷೆಯಲ್ಲಿ ಅದರ ಪಕ್ಕ ಕೆಂಪಕ್ಷರದಲ್ಲಿ 'ಉಬ್ಬರದ ಹೊತ್ತಿನಲ್ಲಿ ಯಾರೂ ಹೋಗಕೂಡದು' ಎಂದು ಬರೆದಿತ್ತು. ಬರೆದವನು ಇವನೇ. ಹೋದವನೂ ಇವನೇ. ಆಚೆ ಹೊರಬಂದಾಗ ಮೊಣಕಾಲಿನವರೆಗೆ ಅಳಿವೆಯ ಕೆಸರು ಬಳಿದುಕೊಂಡಿತ್ತು. ಬ್ರೇಕಿನೊಳಗೂ ಅಷ್ಟೇ ಧಾರಾಳವಾಗಿ ತುಂಬಿಕೊಂಡಿತ್ತು. ಈ ಎರಡನೆಯ ಸಂಗತಿ ಅವನಿಗೆ ತಿಳಿದದ್ದು ಊರೊಳಗಿನ ತಿರುವಿನಲ್ಲಿ, ಒಂದು ಮನೆಯ ಗೇಟಿನಿಂದ ಗಂಟೆ ಬಾರಿಸುತ್ತ ಶಿಲುಬೆಯ ತಂಡ ಎದುರಿಗೇ ಹೊರಬಂದಾಗ.

"ಸರೀರಿ! ಸರೀರಿ!"

ಎಲ್ಲರೂ ಸರಿದರು. ಶಿಲುಬೆ ಹೊತ್ತಿದ್ದ ಬೆಲಾರ್ಮಿನು ಮಾತ್ರ ಸರಿಯಲಿಲ್ಲ. ಶಿಲುಬೆ ಕೈಯಲ್ಲಿರುವಾಗ ತನಗೇನಾದೀತು ಎಂಬ ನಂಬಿಕೆ ಪಾಪ! ಸೈಕಲ್ ಚರಂಡಿಗೆ ಹೋಯಿತು. ಬೆಲಾರ್ಮಿನು ಹೂವಿನ ಹಾಸಿನ ಮೇಲೆ ಕೂತ. ಶಿಲುಬೆ ಗಾಳಿಯಲ್ಲಿ ಹಾರಿತು. ಅದೇರಿತು ಹೇಗೆ ನೆಗೆದನೋ, ಹೇಗೆ ಹಿಡಿದನೋ, ಒಂದು ಹೂವೂ ಉದುರದಂತೆ ಅದು ಅವನ ತೋಳಿನಲ್ಲಿತ್ತು!

"ಅಯ್ಯೋ ನನ್ನ ಕಾಲು!" ಎಂದು ನರಳಿದ ಬೆಲಾರ್ಮಿನು. "ಉಳುಕಿಬಿಡ್ತು!"

ಪಾದ್ರಿಗಳು ಕೆಸರಿನ ವಿಗ್ರಹವನ್ನು ನೋಡಿದರು. "ಅದೇರಿತು, ಶಿಲುಬೆ ನಿನ್ನ ಕೈಲಿದೆ. ಇನ್ನು ಕೆಳಗಿಡೋ ಹಾಗಿಲ್ಲ. ನಡೀ."

"ಪಾದ್ರಿಗಳೇ, ಮನೇಲಿ ನನ್ನ ಹೆಂಡತಿ..."

"ನಿನ್ನ ಮನೆಗೂ ಹೋಗೋದೇ. ಕೊನೇಲಿ."

ಬೆಲಾರ್ಮಿನುವಿನ ಕೆಂಪು ನಿಲುವಂಗಿ ಅದೇರಿತುವಿನ ಮೈಗೇರಿತು, ಮೊಣಕಾಲಿನ ಮೇಲೆಯೇ ನಿಂತಿತು. ಮೇಲೆ ಭಕ್ತ, ಕೆಳಗೆ ಸೈಕಲ್ ಸವಾರ! ಸೈಕಲ್ ಶೂಗಳ ಅಡಿಯಲ್ಲಿ ಪೆಡಲಿಗೆ ಸಿಕ್ಕಿಸುವ ಗಟ್ಟಿ ತುಂಡು ಇರುತ್ತದಲ್ಲ, ಒಂದೊಂದು ಮನೆಯ ನುಣುಪು ನೆಲದ ಮೇಲೂ ಅದು ಕುದುರೆ ಬಂದಂತೆ ಟಕಟಕ ಎಂದಿತು, ಜಾರಿತು. ಜಾರಿದಾಗಲೆಲ್ಲ ಮನೆಯವರು ಭಕ್ತಿಯಿಂದ ಇನ್ನಷ್ಟು ಬಾಗಿದರು. ಆ ಟೈಲ್ಸನ್ನೆಲ್ಲ 'ಜಾರೋದೇ ಇಲ್ಲ, ನನ್ನ ಗ್ಯಾರಂಟಿ' ಎಂದು ಮಾರಿದವನು ಇವನೇ.

ದಾರಿಯಲ್ಲಿ ಗಂಟೆ ಬಾರಿಸುವವನು ಕೇಳಿದ: "ಅಂದ ಹಾಗೆ, ಇವತ್ತು ಊಟಕ್ಕೇನು?"

ಅದೇರಿತುವಿಗೆ ಆಗ ನೆನಪಾಯಿತು. ಶಿಲುಬೆ ಹೊತ್ತವನ ಮನೆಯಲ್ಲೇ ತಂಡಕ್ಕೆಲ್ಲ ಊಟ! ಇದು ಊರ ಕಟ್ಟಳೆ. ಮನೆಯ ಒಲೆಯಲ್ಲಿದ್ದದ್ದು ಮೂವರಿಗಾಗುವಷ್ಟು ಮೇಕೆಮರಿಯ ಮಾಂಸ. ಹಿಂದಿನ ಮಾತನ್ನೇ ಉಳಿಸಿಕೊಳ್ಳದವನು ಈಗ ಬಾಗಿಲಿಗೆ ಒಂದು ದಂಡನ್ನೇ ಕರೆತರುತ್ತಿದ್ದ!

ಮನೆ ಬಂತು. ಜುಲ್ಮೀರಾ ಹಬ್ಬದ ಬಟ್ಟೆಯಲ್ಲಿ, ತಲೆ ತಗ್ಗಿಸಿ ನಿಂತಿದ್ದಳು. ಪಕ್ಕದಲ್ಲಿ ಖಾಲಿ ಜಾಗ. ಆಚೆ ಎತೆಲ್ವೀನಾ. ಗೇಟಿನ ಬಳಿ ಕತ್ತು ಉದ್ದ ಮಾಡಿದ ಅಕ್ಕಪಕ್ಕದವರು. ನಾಚಿಕೆಯಿಂದ ಅವಳು ಯಾರ ಮುಖವನ್ನೂ ನೋಡಲಿಲ್ಲ.

"ಪಾದ್ರಿಗಳೇ, ನಮ್ಮವರಿಗೆ ವಿಪರೀತ ಜ್ವರ," ಎಂದಳು ಸಣ್ಣ ದನಿಯಲ್ಲಿ. "ಒಳಗೆ ಮಲಗಿದ್ದಾರೆ. ಏಳಬೇಕು ಅಂತ ಹಟ ಮಾಡಿದ್ರು, ನಾನೇ ಬೇಡ ಅಂದೆ. ತುಂಬಾ ಭಕ್ತಿ ಅವರಿಗೆ."

ಅದೇರಿತುವಿಗೆ ನಾಚಿಕೆಯೂ ಪ್ರೀತಿಯೂ ಒಟ್ಟಿಗೇ ಉಕ್ಕಿದವು. ತನ್ನ ಮಾನ ಉಳಿಸಲು ಇವಳು ಶಿಲುಬೆಯೆದುರೇ ಸುಳ್ಳು ಹೇಳುತ್ತಿದ್ದಾಳೆ! ಅದೂ ಶಿಲುಬೆ ತನ್ನ ಕೈಯಲ್ಲೇ ಇರುವಾಗ!

"ಪಾಪ," ಎಂದರು ಪಾದ್ರಿಗಳು, ಮುಖದ ಒಂದು ಗೆರೆಯೂ ಅಲುಗಿಸದೆ. "ಮುತ್ತಿಡಮ್ಮ."

ಜುಲ್ಮೀರಾ ಬಾಗಿದಳು. ಮುತ್ತಿಟ್ಟಳು. ಬಾಗಿದ ಕಣ್ಣಿಗೆ ಶಿಲುಬೆಯ ಕೆಳಗಿನ ಕೆಸರಿನ ಮೊಣಕಾಲು ಬಿತ್ತು, ಆಮೇಲೆ ಆ ಶೂ. ನಿಧಾನವಾಗಿ ತಲೆ ಎತ್ತಿದಳು.

"ಹಲ್ಲೆಲೂಯ," ಎಂದ ಅದೇರಿತು.

"ಜ್ವರ ಇಳೀತಾ?" ಎಂದು ಹಲ್ಲು ಕಚ್ಚಿ ಕೇಳಿದಳು.

"ಶಿಲುಬೆ ಹೊಸ್ತಿಲು ದಾಟೋ ಹೊತ್ತಿಗೆ ಮನೇಲಿರ್ತೀನಿ ಅಂದಿದ್ದೆ. ನೋಡು, ಒಟ್ಟಿಗೇ ದಾಟಿದ್ವಿ!"

ಪಾದ್ರಿಗಳಿಗೆ ನಗು ತಡೆಯಲಾಗಲಿಲ್ಲ. ಗಂಟೆಯವನು ನಕ್ಕ, ಗೇಟಿನ ಬಳಿಯವರೆಲ್ಲ ನಕ್ಕರು. ಕೊನೆಗೆ ಜುಲ್ಮೀರಾಳೂ ಸೆರಗಿಲ್ಲದ ಉಡುಪಿನಲ್ಲಿ ಬಾಯಿ ಮುಚ್ಚಿಕೊಳ್ಳಲು ಏನೂ ಸಿಗದೆ, ಅಂಗೈ ಅಡ್ಡ ಹಿಡಿದು ನಕ್ಕಳು. ಆಮೇಲೆ ಶಿಲುಬೆಯನ್ನು ತಾನೇ ಕೈಗೆ ತೆಗೆದುಕೊಂಡು ಗಂಡನ ತುಟಿಗೆ ಒತ್ತಿದಳು, ಸ್ವಲ್ಪ ಜೋರಾಗಿಯೇ.

ಗಂಟೆಯವನು ಊಟದ ವಿಷಯ ಎತ್ತಿದಾಗ ಬಾಂಬು ಸಿಡಿಯುತ್ತದೆಂದು ಅದೇರಿತು ಕಣ್ಣು ಮುಚ್ಚಿದ್ದ. ಆದರೆ ಜುಲ್ಮೀರಾಳ ಮುಖ ಅರಳಿತು. ಪಾದ್ರಿಗಳು, ಇಡೀ ತಂಡ, ತನ್ನ ಮನೆಯಲ್ಲಿ! ಇಷ್ಟು ವರ್ಷಗಳಲ್ಲಿ ಈ ಬೀದಿಯ ಯಾರಿಗೂ ಸಿಗದ ಗೌರವ! ಗೇಟಿನ ಬಳಿಯವರತ್ತ ತಿರುಗಿ, "ನಮ್ಮವರು ಚೆನ್ನಾಗಿದ್ದಾರೆ, ನೋಡಿದ್ರಲ್ಲ?" ಎಂದಳು. ಮಗಳ ಮನೆಯ ಅಡುಗೆಯನ್ನು ಎಂದೂ ನಂಬದ ಎತೆಲ್ವೀನಾ ತಮ್ಮ ಊರಿನಿಂದಲೇ ಒಂದು ಹಂಡೆ ಹಾವುಮೀನಿನ ಸಾರು ಹೊತ್ತು ತಂದಿದ್ದರು. ಅದನ್ನು ಈಗ ವಿಜಯೋತ್ಸವದಂತೆ ಹೊರತಂದರು. ಒಂಟಿ ಮನುಷ್ಯ ಬೆಲಾರ್ಮಿನು, ತಂಡಕ್ಕೆಲ್ಲ ಏನು ಬೇಯಿಸಿ ಹಾಕುವುದೆಂದು ವಾರದಿಂದ ನಿದ್ದೆಗೆಟ್ಟವನು, ಮೂರನೇ ಸಲ ಸಾರು ಬಡಿಸಿಕೊಳ್ಳಲು ಹಂಡೆಯವರೆಗೆ ಸರಸರನೆ ನಡೆದು ಹೋದ.

"ಕಾಲು ಹೇಗಿದೆ?" ಎಂದು ಕೇಳಿದ ಅದೇರಿತು.

"ಯಾವ ಕಾಲು?" ಎಂದ ಬೆಲಾರ್ಮಿನು. ಆಮೇಲೆ ನೆನಪಾಗಿ ಕುಂಟಿದ, ಆದರೆ ಬೇರೆ ಕಾಲಿನಲ್ಲಿ.

ಎಲ್ಲರೂ ಹೊರಟ ಮೇಲೆ ಅದೇರಿತು ಬಾಗಿಲ ಬಳಿ ಕುಳಿತು ಶೂ ಕಳಚುತ್ತಿದ್ದ. ಹೊಟ್ಟೆ ತುಂಬಿತ್ತು, ಸೈಕಲ್ ಉಳಿದಿತ್ತು, ಮನಸ್ಸು ಹಗುರವಾಗಿತ್ತು. ಮುಂದಿನ ಈಸ್ಟರಿಗೆ ಅಳಿವೆಯನ್ನು ಉಲ್ಟಾ ದಿಕ್ಕಿನಲ್ಲಿ ಸುತ್ತಿದರೆ ಹೇಗೆ ಎಂಬ ಯೋಚನೆ ಆಗಲೇ ಮೊಳೆತಿತ್ತು.

"ಯೋಚನೆ ಬೇಡ," ಎಂದಳು ಜುಲ್ಮೀರಾ, ಪಕ್ಕದಲ್ಲಿ ಬಂದು ಕುಳಿತು. "ಮುಂದಿನ ವರ್ಷದ ದಾರಿ ನಾನೇ ಗೊತ್ತು ಮಾಡಿದ್ದೀನಿ. ಪಾದ್ರಿಗಳೂ ಒಪ್ಪಿದ್ದಾರೆ. ಚರ್ಚಿಂದ ಶುರು, ಮನೆಮನೆ ಹೊಕ್ಕು, ಇಲ್ಲಿಗೆ ಬಂದು ಮುಗಿಯುತ್ತೆ. ಶಿಲುಬೆ ಹೊತ್ಕೊಂಡು, ನಡ್ಕೊಂಡು. ದೋಣಿ ತಪ್ಪೋ ಭಯ ಇಲ್ಲ. ಕೆಸರಿಲ್ಲ, ಏರಿಲ್ಲ."

"ಎದುರುಗಾಳಿ?" ಎಂದ ಅದೇರಿತು, ಕೊನೆಯ ಆಸೆಯಿಂದ.

"ಅದಕ್ಕೆ ನಾನಿದ್ದೀನಲ್ಲ."