ಕುಂತ ಹೆಣದ ಸಿನಿಮಾ

ಕೊಲ್ಹಾಪುರದ ಸ್ಟುಡಿಯೋದಾಗ ಅಳೂ ಸೀನು ತಗ್ಯಾಕ ಹೋದ್ರ ಏನರ ಒಂದು ನಗೂವಂಥಾದ್ದು ಆಗೇ ತೀರತಿತ್ತು. ಅದರಾಗ ಅರ್ಧ ನನ್ನಿಂದನ ಆದದ್ದು, ಸುಳ್ಳು ಯಾಕ ಹೇಳ್ಲಿ.

೧. ಗಂಟಲು

ನಾ ಗಡಹಿಂಗ್ಲಜ ಕಡೆ ನೂಲ ಅನ್ನೂ ಊರಾಂವ. ಇಚಲಕರಂಜಿಯಾಗ ಪಾವರಲೂಮ್ ನಡಸ್ತಿದ್ದೆ. ಮಗ್ಗದ ಸಪ್ಪಳದಾಗ ಮಾತಾಡಿ ಮಾತಾಡಿ ಗಂಟಲು ನಗಾರಿ ಆಗಿತ್ತು. ರಾಜನ ಸಿನಿಮಾಕ್ಕ ಮಂದಿ ಬೇಕಂತ ಕರಕೊಂಡು ಹೋದ್ರು. ಐವತ್ತು ಮಂದಿ ಕೂಡಿ ಜೈಕಾರ ಹಾಕಬೇಕು. ನಾ ಒಮ್ಮೆ ಒದರಿದೆ ನೋಡ್ರಿ, ಧ್ವನಿ ಹಿಡಿಯಾಂವ ಕಿವಿ ಮುಚಗೊಂಡು ಹೊರಗ ಓಡಿದ. ಡೈರೆಕ್ಟರ್ ಕೈಮುಗದು, “ಉಳಿದ ನಲವತ್ತೊಂಬತ್ತು ಮಂದಿ ಮನಿಗೆ ಹೋಗ್ರಿ” ಅಂದ್ರು. ಅವತ್ತಿಂದ ನಾ ಅಲ್ಲೇ ಕೆಲಸಕ್ಕ ಉಳದೆ.

೨. ಮುಚ್ಚಿದ ಮಾರಿ

ಅಲ್ಲೊಬ್ಬ ಮುದುಕ ನಟ ಇದ್ದ. ಮೂಕಿ ಚಿತ್ರದ ಕಾಲಕ್ಕ ಹೀರೋ. ಈಗ ಬರೇ ಹೆಣದ ಪಾರ್ಟು, ಬಿಳಿ ಬಟ್ಟಿ ಹೊದ್ದು ಮಲಗೂದು. ಅವನ ಕುಡಿತಕ್ಕ ಬ್ಯಾಸತ್ತು ಹೆಂಡ್ತಿ ಗಡಹಿಂಗ್ಲಜದ ತವರಮನಿ ಸೇರಿದ್ಲು. ಕುಡಿಯೂದು ಬಿಟ್ಟು ವರ್ಷ ಆಗಿತ್ತು, ಆಕಿ ನಂಬಲೊಲ್ಲಳು. “ಕುಡುಕರ ಮಾರಿ ಯಾರೂ ತೋರಸಂಗಿಲ್ಲ. ಪಡದೆ ಮ್ಯಾಲೆ ನಿಮ್ಮ ಮಾರಿ ಕಾಣಲಿ, ಅವತ್ತು ಬರ್ತೇನಿ” ಅಂದಿದ್ಲು.

“ಮೂರು ಸಿನಿಮಾದಾಗ ಸತ್ತೇನಿ, ನೋಡು” ಅಂತ ಆತ ಕಾಗದ ಬರದ.

ಉತ್ತರ ಬಂತು: “ನೋಡೇನ್ರಿ. ಬಟ್ಟಿ ಭಾಳ ಚೊಲೋ ಪಾರ್ಟು ಮಾಡೇತಿ.”

ಮುದುಕ ಅದನ್ನ ಓದಿ ನಕ್ಕ. ಆಮ್ಯಾಲೆ ಅವತ್ತು ಊಟಾ ಮಾಡಲಿಲ್ಲ.

೩. ಪಾಟೀಲರು

ಒಂದು ದಿವಸ ಸಿನಿಮಾದಾಗಿನ ಊರ ಪಾಟೀಲರು ಸಾಯೂ ಸೀನಿತ್ತು. ಡೈರೆಕ್ಟರ್, “ಪಾಟೀಲರ ಹೆಣಾ ತಯಾರ ಮಾಡಿಡು” ಅಂತ ನನಗ ಹೇಳಿ ಊಟಕ್ಕ ಹೋದ್ರು. ನಮ್ಮ ಲಿಂಗವಂತರಾಗ ತೀರಿಕೊಂಡವರನ್ನ ಮಲಗಸಂಗಿಲ್ಲ, ಕುಂಡ್ರಸತೇವಿ. ನಾ ಮುದುಕನ್ನ ಗ್ವಾಡಿಗೆ ಆನಿಸಿ ಕುಂಡ್ರಿಸಿ, ಹಣಿತುಂಬ ವಿಭೂತಿ ಬಳದು, ಹಾರ ಹಾಕಿದೆ.

ಡೈರೆಕ್ಟರ್ ಬಂದು ಹೌಹಾರಿದ್ರು. “ಅರೇ, ಹೇ ಕಾಯ್! ಇದೇನಿದು! ಹೆಣ ಎದ್ದು ಕುಂತೈತಿ!”

“ನಮ್ಮ ಕಡೆ ಪಾಟೀಲ್ರು ಹಿಂಗ ಹೋಗ್ತಾರ್ರಿ ಸಾಹೇಬ್ರ.”

ಅವರು ಕ್ಯಾಮೆರಾದಾಗ ಇಣುಕಿ ನೋಡಿ, “ಹಿಂಗ ಇರಲಿ” ಅಂದ್ರು. ಮುದುಕನ ಮೂಗಿನ ಮ್ಯಾಲೆ ನೊಣ ಕುಂತು, ನಿದ್ದಿ ಮಾಡಿ ಎದ್ದು ಹೋತು. ಆತ ಅಲಗಲಿಲ್ಲ.

ಸಿನಿಮಾ ಗಡಹಿಂಗ್ಲಜದ ಟೆಂಟಿಗೆ ಬಂತು. ಮುದುಕಗ ಧೈರ್ಯ ಸಾಲಲಿಲ್ಲ, ನಾ ಹೋದೆ. ಪಡದೆ ತುಂಬ ಅವನ ಮಾರಿ ಬಂದದ್ದ ತಡ, ಹೆಂಗಸರ ಕಡೆ ಒಬ್ಬಾಕಿ ಎದ್ದು ನಿಂತು, “ಅಯ್ಯ, ಸತ್ತರೂ ಬೆನ್ನ ನೆಟ್ಟಗ ಮಾಡಲಿಲ್ಲ ನನ್ನ ಗಂಡ!” ಅಂದ್ಲು. ಟೆಂಟೆಲ್ಲ ನಕ್ತು. ಆಕಿ ಸೆರಗಿನಾಗ ಮಾರಿ ಮುಚಗೊಂಡ್ಲು.

ಮರುದಿವಸ ನನ್ನ ಜೋಡಿ ಬಸ್ಸು ಹತ್ತಿದ್ಲು. ಸ್ಟುಡಿಯೋದಾಗ ಗ್ವಾಡಿಗೆ ಆನಿಕೊಂಡು ಕುಂತಿದ್ದ ಮುದುಕ ಬಾಗಲಾಗ ಆಕಿನ್ನ ಕಂಡು ಕುಂತಲ್ಲೇ ಕಲ್ಲಾದ.

ಆಕಿ ಗಂಟು ಕೆಳಗಿಟ್ಟು ಅಂದ್ಲು: “ಸಾಕು ಏಳ್ರಿ. ಶಾಟ್ ಮುಗೀತು.”