ಮಹಡಿಯಿಂದ ಮಹಡಿಗೆ ಬಡ್ತಿ ಪಡೆದ ಜನರೇಟರಿಗೆ

ಮಾನ್ಯ ಡೀಸೆಲ್ ಜನರೇಟರ್ ಮಹಾಶಯರೇ,

ಬೈರೂತಿನ ನಮ್ಮ ಇಕ್ಕಟ್ಟು ಗಲ್ಲಿಗೆ ಬೆಳಕು ಕೊಡುವ ತಮಗೆ ನಾಲ್ಕನೇ ಮಹಡಿಯ ನುಹಾದ್ ಕೆಮ್ಮುತ್ತಲೇ ಮಾಡುವ ವಂದನೆಗಳು. ತಮ್ಮ ಆರೋಗ್ಯ ಗಟ್ಟಿಯಾಗಿದೆಯೆಂದು ಬೆಳಗಿನಿಂದ ಕೇಳಿಸುತ್ತಲೇ ಇದೆ, ನಮ್ಮದು ಅಷ್ಟಿಲ್ಲ. ಯುದ್ಧದ ಗಲಾಟೆಯಲ್ಲಿ ನನ್ನ ಶಾಲೆ ಅರ್ಧಕ್ಕೇ ನಿಂತುಹೋದ್ದರಿಂದ ಮಾತು ಅಂಕೆ ತಪ್ಪಿದರೆ ತಾವು ದೊಡ್ಡ ಮನಸ್ಸು ಮಾಡಬೇಕು.

ಸರ್ಕಾರದ ಕರೆಂಟು ನೆಂಟರ ಹಾಗೆ ಬಂದು ಹೋಗುವ ಈ ಊರಿನಲ್ಲಿ ಮನೆಯವರ ಹಾಗೆ ನಿಂತವರು ತಾವೊಬ್ಬರೇ, ಅದನ್ನು ಮರೆತಿಲ್ಲ. ಆದರೆ ತಮ್ಮ ಹೊಗೆಕೊಳವೆ ಮೊದಲು ಕೆಳಮನೆಯ ಲೌರಿಸ್ ಅವರ ಕಿಟಕಿಗೆ ಊದುತ್ತಿತ್ತು. ಅವರು ಕೂಗಾಡಿದಾಗ ತಮ್ಮ ಯಜಮಾನರಾದ ಅಬು ವಜ್ದಿ ಒಂದು ತುಂಡು ಕೊಳವೆ ಸೇರಿಸಿ ಮೇಲಿನವರಿಗೆ ದಾಟಿಸಿದರು. ಅವರೂ ಕೂಗಾಡಿದಾಗ ಇನ್ನೂ ಮೇಲಿನವರಿಗೆ. ಹೀಗೆ ಬಡ್ತಿ ಪಡೆಯುತ್ತ ತಾವೀಗ ನಮ್ಮ ಮಲಗುವ ಕೋಣೆಗೇ ಬಾಯಿಟ್ಟಿದ್ದೀರಿ. ಲಿಫ್ಟು ಕೆಟ್ಟ ಕಟ್ಟಡದಲ್ಲಿ ಇಷ್ಟು ಸಲೀಸಾಗಿ ಮೇಲೇರಿದವರು ಬೇರೊಬ್ಬರಿಲ್ಲ. ಒಣಗಲಿಟ್ಟ ಮುಲೂಖಿಯಾ ಸೊಪ್ಪಿಗೆ ಮಸಿಯ ಒಗ್ಗರಣೆಯೂ ಪುಕ್ಕಟೆ.

ನನ್ನ ಗಂಡ ಶಫೀಕರಿಗೆ ಉಬ್ಬಸ. ವೈದ್ಯರು "ಶುದ್ಧ ಗಾಳಿ ತಗೊಳ್ಳಿ" ಅಂದರೆ, "ಯಾವ ಅಂಗಡೀಲಿ ಸಿಗುತ್ತೆ ಡಾಕ್ಟ್ರೇ?" ಎಂದು ಇವರು ನಕ್ಕು, ಆ ನಗುವಿಗೇ ಉಸಿರು ಸಿಕ್ಕಿಕೊಂಡು ನರ್ಸು ಓಡಿಬರಬೇಕಾಯಿತು. ಕಿಟಕಿ ಮುಚ್ಚಿದರೆ ಧಗೆ, ತೆರೆದರೆ ತಾವು. ಅವರ ಎದೆ ಸೀಟಿ ಹೊಡೆಯತೊಡಗಿದಾಗ ಔಷಧಿಯ ಆವಿ ಕೊಡುವ ಯಂತ್ರ ಹಚ್ಚುತ್ತೇನೆ, ಅದು ನಡೆಯುವುದೂ ತಮ್ಮದೇ ಕರೆಂಟಿನಿಂದ. ತಾವು ನಿಂತರೆ ಯಂತ್ರ ನಿಲ್ಲುತ್ತದೆ, ನಡೆದರೆ ಉಸಿರು ನಿಲ್ಲುತ್ತದೆ. ತಾವು ನಿಲ್ಲಲಿ ಎಂದು ಒಮ್ಮೆ, ನಿಲ್ಲದಿರಲಿ ಎಂದು ಒಮ್ಮೆ ಬೇಡಿಕೊಳ್ಳುತ್ತೇನೆ. ದೇವರಿಗೆ ಗಲಿಬಿಲಿಯಾಗಿ ಎರಡನ್ನೂ ಬಿಟ್ಟುಬಿಟ್ಟನೋ ಎಂಬುದು ಈಗಿನ ಚಿಂತೆ.

ಇನ್ನೊಂದು ತುಂಡು ಕೊಳವೆ ಕೇಳೋಣವೆಂದರೆ ಮೇಲ್ಗಡೆ ಇಬ್ತಿಸಾಮಳ ಹಸುಗೂಸು ಇದೆ. ನಿನ್ನೆ ಮೆಟ್ಟಿಲಲ್ಲಿ ಸಿಕ್ಕವಳು ಮಗುವಿನ ಮುಖಕ್ಕೆ ಶಾಲು ಮುಚ್ಚಿಕೊಂಡು, "ಅಕ್ಕಾ, ನೀವಿನ್ನೂ ದೂರು ಹೇಳಿಲ್ಲ ಅಲ್ವಾ?" ಅಂದಳು. "ನನ್ ಬಾಯಿಂದ ಬರಲ್ಲ ಕಣೇ, ಹೋಗು" ಎಂದುಬಿಟ್ಟೆ. ಒಳಗೆ ಬಂದು ಶಫೀಕರ ಮುಖ ನೋಡಲಾಗಲಿಲ್ಲ.

ಆದ್ದರಿಂದ ತಮ್ಮಲ್ಲಿ ವಿನಂತಿ: ದಿನವಿಡೀ ಉಸಿರನ್ನು ಹೊರಗೇ ಬಿಡುವ ತಾವು, ನಮ್ಮವರು ಆವಿ ತೆಗೆದುಕೊಳ್ಳುವಷ್ಟು ಹೊತ್ತಾದರೂ ಒಳಕ್ಕೆ ಎಳೆದುಕೊಳ್ಳಬಾರದೇ? ಅದು ತಮ್ಮ ಘನತೆಗೆ ಕುಂದಾದರೆ, ಡೀಸೆಲ್ಲಿನ ಬದಲು ಏಲಕ್ಕಿ ಕಾಫಿಯ ಘಮವನ್ನಾದರೂ ಬಿಡಬಹುದು.

ತಮ್ಮ ಬೆಳಕಿನಲ್ಲಿ ಬರೆದು, ತಮ್ಮ ಹೊಗೆಯಲ್ಲಿ ಮುಗಿಸುತ್ತಿರುವ
ತಮ್ಮ ವಿಶ್ವಾಸಿ,
ನುಹಾದ್

ತಾ.ಕ.: ಈಗಷ್ಟೇ ಅಬು ವಜ್ದಿಯವರು ಹೊಸ ಕೊಳವೆ ಹೊತ್ತು ಬಾಗಿಲಿಗೇ ಬಂದು, "ಹೂಂ ಅಂದ್ರೆ ಸಾಕಕ್ಕಾ, ಮೇಲಕ್ಕೆ ಏರಿಸ್ಬಿಡ್ತೀನಿ" ಅಂದರು. "ಮೇಲಕ್ಕೆ ಬೇಡಣ್ಣಾ, ಅಡ್ಡಕ್ಕೆ ತಿರುಗಿಸು" ಎಂದು ಗಲ್ಲಿಯಾಚೆ ಕೈ ತೋರಿಸಿದೆ. ಅಲ್ಲಿರುವುದು ಅವರದೇ ಮನೆಯ ಬಾಲ್ಕನಿ. ಕೊಳವೆ ಇನ್ನೂ ಹೆಗಲ ಮೇಲೇ ಇತ್ತು. ಅವರಿಗೆ ಕೆಮ್ಮು ಶುರುವಾಯಿತು.